ಬೆಚ್ಚಗಿನ ನೀರು, ಅರ್ಧ ಗಂಟೆ

ಹೇಗಕ್ಕ ಬರೆದದ್ದನ್ನೆಲ್ಲ ಸ್ವತಃ ಮಾಡಿ ನೋಡಿ ಬರೆದಿದ್ದರೆ ಅವಳಿಗೆ ಇಷ್ಟು ಹೊತ್ತಿಗೆ ಕನಿಷ್ಠ ಇನ್ನೂರು ವರ್ಷವಾದರೂ ಆಗಿರಬೇಕಿತ್ತು. ಬೆಕ್ಕಿಗೆ ಮಾತ್ರೆ ನುಂಗಿಸುವುದು ಹೇಗೆ, ಸೋರುವ ನಲ್ಲಿ ನಿಲ್ಲಿಸುವುದು ಹೇಗೆ, ಅವಳಿ ಮಕ್ಕಳನ್ನು ಒಂದೇ ಹೊತ್ತಿಗೆ ಮಲಗಿಸುವುದು ಹೇಗೆ, ತುಕ್ಕು ಹಿಡಿದ ಬೀಗ ತೆಗೆಯುವುದು ಹೇಗೆ. ಆರು ವರ್ಷದಲ್ಲಿ ಇಂಥವು ಸಾವಿರದ ಚಿಲ್ಲರೆ. ಅವಳ ಮನೆಯಲ್ಲಿ ಬೆಕ್ಕಿಲ್ಲ. ಮಕ್ಕಳೂ ಇಲ್ಲ. ನಲ್ಲಿ ಸೋರಿದರೆ ಕೆಳಗೊಂದು ಬಕೆಟ್ ಇಟ್ಟು, ಲಿಫ್ಟ್ ರಿಪೇರಿಗೆ ಹೋದ ಗಂಡ ಬರುವ ತನಕ ಸುಮ್ಮನಿರುವ ಹೆಂಗಸು ಅವಳು. ಎಲ್ಲ ಶೀರ್ಷಿಕೆಯೂ ಒಂದೇ ಪದದಲ್ಲಿ ಮುಗಿಯುವುದರಿಂದ, ಅವಳು ಬರೆಯುವ ವೆಬ್‌ಸೈಟಿಗೆ ಹೊಸದಾಗಿ ಸೇರಿದ ಬರಹಗಾರರು ಪ್ರೀತಿಯಿಂದ ಹೇಗಕ್ಕ ಎಂದು ಕರೆಯತೊಡಗಿದರು. ಹೆಸರು ಹಾಗೇ ಅಂಟಿಕೊಂಡಿತು.

ಮೂರನೇ ಮಹಡಿಯ ಮನೆ, ಎರಡು ಕೋಣೆ. ಬಟ್ಟೆ ಒಣಹಾಕುವ ಬಾಲ್ಕನಿಗೂ ಅಡುಗೆಮನೆಗೂ ನಡುವೆ ಎರಡು ಮೊಳ ಅಗಲದ ಜಾಗವಿತ್ತು. ಅಲ್ಲೇ ಅವಳ ಕಚೇರಿ. ಇಸ್ತ್ರಿ ಮಾಡುವ ಎತ್ತರದ ಮೇಜು, ಅದರ ಮೇಲೆ ಲ್ಯಾಪ್‌ಟಾಪು, ಕೂರಲು ಹಳೆಯದೊಂದು ಬಾರ್ ಸ್ಟೂಲು. ಇಸ್ತ್ರಿ ಮಾಡುವ ದಿನ ಕಚೇರಿಗೆ ರಜೆ.

ಕೆಲಸದ ಕ್ರಮ ಬಹಳ ಸರಳ. ಸಂಪಾದಕರಿಂದ ಬೆಳಿಗ್ಗೆ ವಿಷಯ ಬರುತ್ತದೆ. ಅವಳು ಅದೇ ವಿಷಯದ ಮೇಲೆ ಬೇರೆ ಬೇರೆ ಕಡೆ ಇರುವ ಐದಾರು ಪುಟ ತೆರೆದು ಓದುತ್ತಾಳೆ, ಎಲ್ಲ ಮುಚ್ಚುತ್ತಾಳೆ, ತನ್ನ ಮಾತಿನಲ್ಲಿ ಬರೆಯುತ್ತಾಳೆ. ಬರೆದದ್ದನ್ನು ಕೊನೆಗೆ ಕಾಪಿ ಚೆಕ್‌ಗೆ ಹಾಕಬೇಕು. ಅದೊಂದು ಸಾಫ್ಟ್‌ವೇರು. ನೀವು ಬರೆದದ್ದು ಬೇರೆಯವರದ್ದಕ್ಕೆ ನೂರಕ್ಕೆ ಎಷ್ಟು ಪಾಲು ಹೋಲುತ್ತದೆ ಎಂದು ಅದು ಹೇಳುತ್ತದೆ. ಹತ್ತಕ್ಕಿಂತ ಮೇಲೆ ಹೋದರೆ ಕೆಂಪು, ಲೇಖನ ವಾಪಸ್ಸು. ಹತ್ತರೊಳಗಿದ್ದರೆ ಹಸಿರು. ಹೇಗಕ್ಕನಿಗೆ ಕೆಂಪು ಬಂದು ವರ್ಷಗಳೇ ಆಗಿದ್ದವು. ಆ ವಿದ್ಯೆಯಲ್ಲಿ ಅವಳು ಪಳಗಿದ ಕೈ.

ಮನೆಯಲ್ಲಿದ್ದ ಮೂರನೆಯ ಜೀವ ಅತ್ತೆ. ಗಂಡನ ತಾಯಿ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸದಲ್ಲಿ ಇಪ್ಪತ್ತೆಂಟು ವರ್ಷ ಕಳೆದು ನಿವೃತ್ತಿಯಾದವರು. ಯಾರನ್ನೂ ಸುಲಭಕ್ಕೆ ನಂಬುವ ಜನವಲ್ಲ. ಹಣ್ಣಿನವನ ತಕ್ಕಡಿ ಎರಡು ಸಲ ನೋಡುತ್ತಾರೆ, ಔಷಧಿ ಅಂಗಡಿಯವನು ಕೊಟ್ಟ ಡಬ್ಬಿಯ ತಾರೀಖನ್ನು ಅವನೆದುರೇ ಗಟ್ಟಿಯಾಗಿ ಓದುತ್ತಾರೆ, ಹವಾಮಾನದ ವರದಿಯನ್ನು ಕಿಟಕಿಯಿಂದ ಕೈ ಹೊರಗೆ ಚಾಚಿ ಪರೀಕ್ಷಿಸುತ್ತಾರೆ. ಸೊಸೆಯ ಕೆಲಸದ ಬಗ್ಗೆ ಅವರು ಇದುವರೆಗೆ ಒಳ್ಳೆಯದೂ ಆಡಿರಲಿಲ್ಲ, ಕೆಟ್ಟದ್ದೂ ಆಡಿರಲಿಲ್ಲ. ಕೆಲಸ ಮಾಡುವ ಹೊತ್ತಿನಲ್ಲಿ ಟಿವಿಯ ಸದ್ದು ಮಾತ್ರ ತಾವಾಗಿಯೇ ಕಡಿಮೆ ಮಾಡುತ್ತಿದ್ದರು.

ಆ ಸೋಮವಾರ ಮಧ್ಯಾಹ್ನ ಮೂರರ ಹೊತ್ತು. ಸೋಫಾದ ಮೇಲೆ ಬಿದ್ದ ಇಂಕಿನ ಕಲೆ ತೆಗೆಯುವುದು ಹೇಗೆ ಎಂಬುದರ ಎರಡನೇ ಪ್ಯಾರಾದಲ್ಲಿ ಹೇಗಕ್ಕ ಮುಳುಗಿದ್ದಾಗ ಬಚ್ಚಲಿನಿಂದ ಅತ್ತೆಯ ದನಿ ಬಂತು.

"ಬಾರೇ ಇಲ್ಲಿ ಸ್ವಲ್ಪ."

ದನಿ ಎಂದಿನಂತಿರಲಿಲ್ಲ. ಇವಳು ಹೋಗಿ ನೋಡಿದರೆ ಅತ್ತೆ ನೆಲದ ಮೇಲೆ ಕೂತಿದ್ದರು. ಎದುರಿಗೆ ಅಗಲವಾದ ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ನೀರು, ನೀರೊಳಗೆ ಒಂದು ಗಾಜು. ಗಾಜಿನ ಪಕ್ಕದಲ್ಲಿ ಬೂದು ಬಣ್ಣದ ತೆಳ್ಳನೆಯ ಪದರವೊಂದು ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ತೇಲುತ್ತಿತ್ತು. ಅದರಲ್ಲೊಂದು ಕಣ್ಣಿತ್ತು, ಅರ್ಧ ಹಣೆ ಇತ್ತು. ಇವಳು ಕೈ ಹಾಕಿ ಎತ್ತಲು ಹೋದಳು. ಮುಟ್ಟಿದ್ದೇ ತಡ, ಅದು ಬೆರಳಿನ ಸಂದಿಯಲ್ಲಿ ಹರಿದು ಚೂರುಚೂರಾಯಿತು.

"ಬಿಡು, ಮುಟ್ಟಬೇಡ" ಎಂದರು ಅತ್ತೆ. "ನಾನೂ ಹಾಗೇ ಮಾಡಿದೆ."

ಅದು ಅತ್ತೆಯ ತಾಯಿಯ ಫೋಟೋ. ಆ ತಾಯಿ ಬದುಕಿನಲ್ಲಿ ಒಂದೇ ಒಂದು ಸಲ ಸ್ಟುಡಿಯೋಗೆ ಹೋಗಿ ತೆಗೆಸಿಕೊಂಡದ್ದು, ಆಮೇಲೆ ಎರಡು ವರ್ಷಕ್ಕೆ ತೀರಿಕೊಂಡರು. ಆಗ ಅತ್ತೆಗೆ ಆರು ವರ್ಷ. ಗೋಡೆಯ ತೇವಕ್ಕೆ ಫೋಟೋ ಫ್ರೇಮಿನ ಗಾಜಿಗೆ ಅಂಟಿಕೊಂಡಿತ್ತು. ಗಾಜಿನ ಮೂಲೆಯಲ್ಲಿ ಬಿರುಕು ಬಿಟ್ಟದ್ದರಿಂದ ಹೊಸ ಫ್ರೇಮಿಗೆ ಹಾಕಬೇಕೆಂದು ಅತ್ತೆ ಒಂದು ವಾರದಿಂದ ಹೇಳುತ್ತಿದ್ದರು. ಅದನ್ನೇ ಇವತ್ತು ತಾವೇ ಮಾಡಲು ಕೂತಿದ್ದರು.

"ನೀರಲ್ಲಿ ಯಾಕೆ ಹಾಕಿದ್ರಿ ಅತ್ತೆ?"

"ಎಲ್ಲೋ ಓದಿದ್ದೆ. ಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ಇಟ್ಟರೆ ಗಾಜಿನಿಂದ ತಾನಾಗಿ ಬಿಟ್ಟುಕೊಳ್ಳುತ್ತೆ ಅಂತ." ಅತ್ತೆ ಟಬ್ಬಿನಿಂದ ದಪ್ಪ ಕಾಗದವನ್ನು ಎರಡು ಕೈಯಲ್ಲಿ ಮೆಲ್ಲಗೆ ಎತ್ತಿ ಟವೆಲಿನ ಮೇಲೆ ಹಾಸಿದರು. ಮೇಲರ್ಧ ಪೂರಾ ಬಿಳಿ. ಕೆಳಗೆ ಕುರ್ಚಿಯ ಕೈಗಳು, ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡ ಎರಡು ಕೈಗಳು. "ಬಿಟ್ಟೇನೋ ಬಿಡ್ತು" ಎಂದರು.

ಹೇಗಕ್ಕನಿಗೆ ತಟ್ಟನೆ ನೆನಪಾಯಿತು. ಇಂಥದ್ದೇನೋ ನಾನೂ ಬರೆದಿದ್ದೆನಲ್ಲ.

ಸ್ಟೂಲಿಗೆ ವಾಪಸ್ಸು ಬಂದು ಹುಡುಕಿದಳು. ಬರೆದಿದ್ದಳು, ಹೌದು. ಆರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ. ಗಾಜಿಗೆ ಅಂಟಿದ ಹಳೆಯ ಫೋಟೋ ಬಿಡಿಸುವುದು ಹೇಗೆ. ಬೆಚ್ಚಗಿನ ನೀರು, ಅರ್ಧ ಗಂಟೆ, ತಾನಾಗಿ ಬಿಟ್ಟುಕೊಳ್ಳುತ್ತದೆ. ಆದರೆ ಬೇರೆ ಪುಟಗಳನ್ನು ತೆರೆದು ನೋಡಿದರೆ ಅವೂ ಅದನ್ನೇ ಹೇಳುತ್ತಿದ್ದವು. ಒಂದಲ್ಲ ಎರಡಲ್ಲ, ಹದಿನಾಲ್ಕು ಪುಟ. ಅವಳಿಗೆ ಹೋದ ಜೀವ ಬಂದಂತಾಯಿತು. ಲೋಕವೆಲ್ಲ ಹೇಳಿದ್ದನ್ನೇ ನಾನೂ ಹೇಳಿದ್ದೇನೆ, ಅತ್ತೆ ಓದಿದ್ದು ಯಾರದ್ದನ್ನೋ ಏನೋ, ಫೋಟೋನೇ ಕೆಟ್ಟುಹೋಗಿತ್ತೇನೋ ಎಂದು ಸಮಾಧಾನ ಮಾಡಿಕೊಂಡಳು. ಆ ಸಮಾಧಾನ ಒಂದು ರಾತ್ರಿ ತಾಳಿತು. ತನ್ನ ತಪ್ಪಲ್ಲ ಎಂದು ಗೊತ್ತಾದ ಮೇಲೂ ಆ ಪುಟಗಳನ್ನು ಮತ್ತೆ ಮತ್ತೆ ತೆರೆಯುವ ಮನುಷ್ಯರಿಗೆ ಒಳಗೊಳಗೆ ಇನ್ನೇನೋ ಗೊತ್ತಿರುತ್ತದೆ.

ಮಂಗಳವಾರ ಬೆಳಿಗ್ಗೆ ಅವಳು ಪುಟಗಳ ತಾರೀಖು ನೋಡಿದಳು. ಹದಿನಾಲ್ಕೂ ತನ್ನದಕ್ಕಿಂತ ಆಮೇಲಿನವು. ಒಂದು ಇನ್ನೊಂದನ್ನು ನೋಡಿ ಬರೆದದ್ದು, ಅದು ಮತ್ತೊಂದನ್ನು ನೋಡಿ. ಎಲ್ಲದರ ಬುಡದಲ್ಲಿ ತಾನೇ ಕೂತಿದ್ದಳು. ಆಗ ತಾನು ಓದಿ ಬರೆದಿದ್ದ ಪುಟಗಳು ಈಗ ಹುಡುಕಿದರೂ ಸಿಗಲಿಲ್ಲ. ಹಳೆಯ ಫೋಲ್ಡರು ತೆಗೆದಳು. ಮೊದಮೊದಲು ಭಯದಿಂದ ಪ್ರತಿ ಕರಡನ್ನೂ ಉಳಿಸುತ್ತಿದ್ದ ಕಾಲವದು. ಮೊದಲ ಕರಡಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ತಣ್ಣನೆಯ ನೀರು, ಹತ್ತು ನಿಮಿಷ, ಬಿಡದಿದ್ದರೆ ಒತ್ತಾಯ ಮಾಡದೆ ತಿಳಿದವರಲ್ಲಿಗೆ ಒಯ್ಯಿರಿ. ಕಾಪಿ ಚೆಕ್ ಹದಿನೇಳು ತೋರಿಸಿತ್ತು. ಕೆಂಪು. ಆ ತಿಂಗಳು ಆಗಲೇ ಎರಡು ಲೇಖನ ವಾಪಸ್ಸು ಬಂದಿದ್ದವು, ಮೂರನೆಯದು ಬಂದರೆ ಕೆಲಸವೇ ಇಲ್ಲ. ಅವಳು ಆಗ ಮಾಡಿದ್ದು ಈಗ ನಿನ್ನೆ ಮಾಡಿದಷ್ಟು ಚೆನ್ನಾಗಿ ನೆನಪಾಯಿತು. ಬೇರೆಯವರ ಹಾಗೆ ಕಾಣದಿರಲಿ ಎಂದು 'ತಣ್ಣನೆಯ' ಅಳಿಸಿ 'ಬೆಚ್ಚಗಿನ' ಎಂದು ಹಾಕಿದಳು. 'ಹತ್ತು ನಿಮಿಷ'ವನ್ನು 'ಅರ್ಧ ಗಂಟೆ' ಮಾಡಿದಳು. ತಿಳಿದವರಲ್ಲಿಗೆ ಒಯ್ಯಿರಿ ಎಂಬ ಸಾಲು ಎಲ್ಲರಲ್ಲೂ ಇತ್ತು, ಅದನ್ನು ತೆಗೆದಳು. ಎಂಟು ಬಂತು. ಹಸಿರು. ಆ ಹೊತ್ತು ಅವಳು ಸ್ಟೂಲಿನಿಂದ ಇಳಿದು ಒಂದು ಲೋಟ ಟೀ ಮಾಡಿಕೊಂಡು ಕುಡಿದಿದ್ದಳು. ಅದೂ ನೆನಪಾಯಿತು.

ಅತ್ತೆಗೆ ಹೇಳಬೇಕು. ಅಷ್ಟೇ ಕೆಲಸ, ಒಂದು ವಾಕ್ಯದ ಕೆಲಸ. ಸಾವಿರ ಲೇಖನ ಬರೆದವಳಿಗೆ ಆ ಒಂದು ವಾಕ್ಯ ಬಾಯಿಗೆ ಬರಲಿಲ್ಲ. ಅತ್ತೆ ಊಟಕ್ಕೆ ಕೂತಾಗ ಹೇಳೋಣ ಎಂದುಕೊಂಡಳು, ಊಟದ ಹೊತ್ತಲ್ಲಿ ಬೇಡ ಎನ್ನಿಸಿತು. ಊಟ ಆದಮೇಲೆ ಅತ್ತೆ ಮಲಗಿದರು. ಎದ್ದಮೇಲೆ ಗಂಡ ಬಂದಿದ್ದ. ನೆಪಗಳಿಗೇನು ಬರ?

ಬದಲಿಗೆ ಫೋಟೋ ಉಳಿಸುವ ದಾರಿ ಹುಡುಕಿದಳು. ಯಾರಾದರೂ ಆ ಫೋಟೋದ ಫೋಟೋ ತೆಗೆದಿದ್ದಾರೆಯೇ? ಗಂಡನ ಫೋನು, ತನ್ನ ಫೋನು, ಎಲ್ಲ ಜಾಲಾಡಿದಳು. ಗೋಡೆಯ ಮೇಲಿದ್ದದ್ದು ಗೋಡೆಯ ಮೇಲೇ ಇರುತ್ತದೆ ಎಂದುಕೊಂಡು ಯಾರೂ ತೆಗೆದಿರಲಿಲ್ಲ. ಒಂದೇ ಒಂದು ಸಿಕ್ಕಿತು. ನಾಲ್ಕು ವರ್ಷದ ಹಿಂದೆ ಗಂಡ ಹೊಸ ಅಂಗಿ ಹಾಕಿಕೊಂಡು ಗೋಡೆಯೆದುರು ನಿಂತದ್ದು. ಅವನ ಹೆಗಲ ಹಿಂದೆ ಫ್ರೇಮು, ಫ್ರೇಮಿನ ಗಾಜಿನ ಮೇಲೆ ಫ್ಲ್ಯಾಶಿನ ಬೆಳಕು. ಬೆಳಕು ಸರಿಯಾಗಿ ಮುಖ ಇರಬೇಕಾದ ಜಾಗದಲ್ಲೇ ಬಿದ್ದಿತ್ತು.

ಅದನ್ನೂ, ಉಳಿದ ಕಾಗದವನ್ನೂ ಹಿಡಿದುಕೊಂಡು ಬುಧವಾರ ಎರಡು ಬೀದಿ ಆಚೆಯ ಸ್ಟುಡಿಯೋಗೆ ಹೋದಳು. ಪಾಸ್‌ಪೋರ್ಟ್ ಫೋಟೋಗಳ ನಡುವೆ ಕೂತಿದ್ದ ಮುದುಕ ಕನ್ನಡಕ ಹಣೆಗೇರಿಸಿ ಕಾಗದವನ್ನು ಬೆಳಕಿಗೆ ಹಿಡಿದ.

"ಬಿಸಿ ನೀರಲ್ಲಿ ಹಾಕಿದ್ರಾ?"

"ಬಿಸಿ ಅಲ್ಲ, ಬೆಚ್ಚಗಿತ್ತು."

"ಎರಡೂ ಒಂದೇ. ಈ ಕಾಲದ ಫೋಟೋದಲ್ಲಿ ಚಿತ್ರ ಇರೋದು ಕಾಗದದಲ್ಲಿ ಅಲ್ಲ ಅಮ್ಮ, ಮೇಲಿರೋ ಅಂಟಿನ ಪದರದಲ್ಲಿ. ಬೆಚ್ಚಗಾದ್ರೆ ಕರಗಿ ಜಾರುತ್ತೆ." ಅವನು ಕಾಗದವನ್ನು ವಾಪಸ್ಸು ಕೊಟ್ಟ. "ಮುಖ ಇಲ್ಲದೆ ನಾನೇನು ಮಾಡಲಿ? ಯಾರ ಮುಖ ಬಿಡಿಸಲಿ? ನಾಲ್ಕೈದು ವರ್ಷದಿಂದ ಇದೇ ಕತೆ ನೋಡಿ. ತಿಂಗಳಿಗೊಬ್ಬರಾದ್ರೂ ಹೀಗೇ ತಗೊಂಡು ಬರ್ತಾರೆ, ಇಂಟರ್ನೆಟ್ಟಲ್ಲಿ ಓದಿದೆ ಅಂತಾರೆ. ಬರೆದವನು ಕೈಗೆ ಸಿಕ್ಕಿದ್ರೆ ಒಂದೇ ಮಾತು ಕೇಳ್ತಿದ್ದೆ, ಪುಣ್ಯಾತ್ಮ, ಒಂದು ಸಲ ಆದ್ರೂ ಮಾಡಿ ನೋಡಿದ್ಯಾ ಅಂತ."

ಪುಣ್ಯಾತ್ಮಳು ಕೌಂಟರಿನ ಗಾಜನ್ನೇ ನೋಡುತ್ತ ನಿಂತಿದ್ದಳು. ತಿಂಗಳಿಗೊಬ್ಬರು ಎಂದರೆ ವರ್ಷಕ್ಕೆ ಹನ್ನೆರಡು, ಅದೂ ಈ ಒಂದು ಅಂಗಡಿಯಲ್ಲಿ. ಇದುವರೆಗೆ ಅವಳ ತಪ್ಪಿಗೆ ಒಂದೇ ಮುಖವಿತ್ತು. ಈಗ ಗುರುತಿಲ್ಲದ ಎಷ್ಟೋ ಮುಖಗಳು ಎಷ್ಟೋ ಬಚ್ಚಲುಗಳಲ್ಲಿ ತೇಲತೊಡಗಿದವು. ಸ್ಟುಡಿಯೋದವನು ಕುಡಿಯಲು ನೀರು ಬೇಕೇ ಎಂದು ಕೇಳಿದ.

ಸಂಪಾದಕರಿಗೆ ಫೋನು ಮಾಡಿದಳು. ಆ ಪುಟ ತೆಗೆದುಹಾಕಿ ಎಂದಳು.

"ಯಾವುದು, ಫೋಟೋದ್ದಾ? ಏನ್ರೀ, ಈಗಲೂ ಜನ ಅದನ್ನ ಹುಡುಕಿಕೊಂಡು ಬರ್ತಾರೆ. ಅದನ್ನ ತೆಗಿ ಅಂತೀರಲ್ಲ."

"ಅದು ತಪ್ಪು ಸಾರ್. ನಾನೇ ಬದಲಾಯಿಸಿದ್ದು."

"ತಪ್ಪಿದ್ರೆ ತಿದ್ದಿ. ಯಾರು ಬೇಡ ಅಂದ್ರು?" ಎಂದರು ಅವರು, ಕೆಟ್ಟವರೇನಲ್ಲ. "ಹಾಂ, ಶನಿವಾರದ ಆನ್‌ಲೈನ್ ಕ್ಲಾಸು ಮರೀಬೇಡಿ. ಹೊಸಬರು ಹನ್ನೊಂದು ಜನ ಇದ್ದಾರೆ. ನಿಮ್ಮ ಅನುಭವ ಹೇಳಿ ಅವರಿಗೆ."

ಅವಳು ತಿದ್ದಿದಳು. ತಣ್ಣನೆಯ ನೀರು ವಾಪಸ್ಸು ಬಂತು, ಹತ್ತು ನಿಮಿಷ ಬಂತು, ತಿಳಿದವರಲ್ಲಿಗೆ ಒಯ್ಯಿರಿ ಎಂಬುದು ಮೊದಲ ಸಾಲಿಗೇ ಬಂತು. ಎಲ್ಲಕ್ಕಿಂತ ಮೊದಲು ಗಾಜಿನ ಸಮೇತ ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ ಎಂದೂ ಸೇರಿಸಿದಳು. ಉಳಿದ ಹದಿನಾಲ್ಕು ಪುಟದವರಿಗೂ ಒಂದೊಂದು ಇಮೇಲ್ ಬರೆದಳು. ಇಬ್ಬರಿಂದ ಉತ್ತರ ಬಂತು. ಒಬ್ಬರು ಧನ್ಯವಾದ ಹೇಳಿ ಏನೂ ಮಾಡಲಿಲ್ಲ. ಇನ್ನೊಬ್ಬರು ಬಹಳ ಮರ್ಯಾದೆಯಿಂದ, ತಾವು ಹೇಳುವುದು ಬೇರೆ ಎಲ್ಲ ಕಡೆ ಇರುವುದಕ್ಕೆ ವಿರುದ್ಧವಾಗಿದೆ, ಆಧಾರ ಇದ್ದರೆ ದಯವಿಟ್ಟು ಕಳಿಸಿ ಎಂದು ಬರೆದಿದ್ದರು.

ಮನೆಯಲ್ಲಿ ಅತ್ತೆ ಫೋಟೋದ ಆ ಉಳಿದ ಕಾಗದವನ್ನು ಒಣಗಿಸಿ, ಮೊದಲೇ ತಂದಿಟ್ಟಿದ್ದ ಹೊಸ ಫ್ರೇಮಿಗೆ ಹಾಕಿ, ಗೋಡೆಗೆ ತೂಗುಹಾಕಿದರು. ಮೇಲೆ ಬಿಳಿ, ಕೆಳಗೆ ಎರಡು ಕೈ.

"ತೆಗೆದಿಡೋಣ ಅಮ್ಮ, ನೋಡಕ್ಕಾಗಲ್ಲ" ಎಂದ ಗಂಡ.

"ಕೈಯಾದ್ರೂ ಇದೆಯಲ್ಲೋ" ಎಂದರು ಅತ್ತೆ. ಆಮೇಲೆ ಯಾರನ್ನೂ ಉದ್ದೇಶಿಸದೆ ಹೇಳಿದರು. "ಅಮ್ಮನ ಮುಖ ನನಗೆಲ್ಲಿ ನೆನಪಿತ್ತು? ನೆನಪಾಗ್ತಿದ್ದದ್ದು ಈ ಫೋಟೋನೇ. ಈಗ ನೆನಪು ಮಾಡಿಕೊಳ್ಳೋಕೆ ಹೋದ್ರೆ ಆ ಟಬ್ಬಲ್ಲಿ ತೇಲ್ತಿದ್ದದ್ದೇ ಕಣ್ಣಿಗೆ ಬರುತ್ತೆ."

ಹೇಗಕ್ಕ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು. ಅತ್ತೆ ಬೈದಿದ್ದರೆ, ಬರೆದವನಿಗೆ ಹಿಡಿಶಾಪ ಹಾಕಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ಅವರು, ಯಾವ ಪುಟ, ಯಾರು ಬರೆದದ್ದು ಎಂದು ಗಂಡ ಕೇಳಿದಾಗಲೂ, ಯಾವುದೋ ಒಂದು ಬಿಡೋ, ಎಂದು ಮಾತು ತಿರುಗಿಸಿದರು.

ಶನಿವಾರ ಹನ್ನೊಂದಕ್ಕೆ ಇಸ್ತ್ರಿ ಮೇಜಿನ ಮುಂದೆ ಕೂತು, ಪರದೆಯ ಮೇಲೆ ಸಾಲಾಗಿ ಕಂಡ ಹನ್ನೊಂದು ಮುಖಗಳಿಗೆ ಅವಳು ಅನುಭವ ಹೇಳತೊಡಗಿದಳು. ಅವಳಿಗೆ ಹೇಳಲು ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ.

"ಓದೋರು ಪ್ರಶ್ನೆ ಹಿಡ್ಕೊಂಡು ಬಂದಿರ್ತಾರೆ. ಉತ್ತರ ಮೊದಲ ಎರಡು ಸಾಲಲ್ಲೇ ಕೊಟ್ಟುಬಿಡಿ, ಪೀಠಿಕೆ ಹಾಕ್ತಾ ಕೂರಬೇಡಿ. ಪ್ಯಾರಾ ಚಿಕ್ಕದಿರಲಿ, ಫೋನಲ್ಲಿ ಓದ್ತಾರೆ, ನಾಲ್ಕು ಸಾಲೇ ಅವರಿಗೆ ಒಂದು ಗೋಡೆ ಥರ ಕಾಣುತ್ತೆ. ಒಂದು ಉಪಶೀರ್ಷಿಕೆ ಕೆಳಗೆ ಒಂದೇ ವಿಷಯ. ಬರೆದಾದ್ಮೇಲೆ ಗಟ್ಟಿಯಾಗಿ ಓದಿ, ನಾಲಿಗೆ ತಡವರಿಸಿದ ಕಡೆ ವಾಕ್ಯ ಮುರೀರಿ. ಗೊತ್ತಿಲ್ಲದ್ದು ಬಂದ್ರೆ ಗೊತ್ತಿರೋರಿಗೆ ಒಂದು ಫೋನು ಮಾಡಿ. ಹತ್ತು ಪುಟ ಓದೋದಕ್ಕಿಂತ ಅದು ಬೇಗ ಆಗುತ್ತೆ." ಈ ಕೊನೆಯದು ಅವಳ ಟಿಪ್ಪಣಿಯಲ್ಲಿ ಇರಲಿಲ್ಲ. ಆರು ವರ್ಷದಲ್ಲಿ ಅವಳು ಅಂಥ ಒಂದು ಫೋನೂ ಮಾಡಿದವಳಲ್ಲ.

ಕಾಪಿ ಚೆಕ್ ಕೆಂಪು ತೋರಿಸಿದರೆ ಏನು ಮಾಡುವುದು ಎಂದು ಒಬ್ಬ ಹುಡುಗಿ ಕೇಳಿದಳು.

ಹೇಗಕ್ಕ ಟಿಪ್ಪಣಿಯಿಂದ ತಲೆ ಎತ್ತಿದಳು. "ವಾಕ್ಯ ಬದಲಾಯಿಸಿ. ಹಿಂದೆ ಮುಂದೆ ಮಾಡಿ, ನಿಮ್ಮ ಮನೆ ಉದಾಹರಣೆ ಹಾಕಿ, ಏನು ಬೇಕಾದ್ರೂ ಮಾಡಿ. ಆದ್ರೆ ಅಳತೆ ಮುಟ್ಟಬೇಡಿ. ತಣ್ಣೀರು ಅಂತಿದ್ರೆ ತಣ್ಣೀರೇ. ಹತ್ತು ನಿಮಿಷ ಅಂತಿದ್ರೆ ಹತ್ತೇ. ಅದನ್ನ ಬದಲಾಯಿಸಿದ್ರೂ ಹಸಿರು ಬರುತ್ತೆ. ಆ ಸಾಫ್ಟ್‌ವೇರಿಗೆ ಮಾತು ಬೇರೆ ಆಯ್ತೋ ಇಲ್ವೋ ಅಷ್ಟೇ ಬೇಕು, ನಿಜಾನೋ ಸುಳ್ಳೋ ಅದಕ್ಕೆ ಬೇಕಾಗಿಲ್ಲ."

"ನಿಮಗೆ ಹಾಗೆ ಆಗಿತ್ತಾ ಹೇಗಕ್ಕ?"

"ನನಗಲ್ಲ" ಎಂದಳು. "ನನಗೆ ಗೊತ್ತಿರೋ ಒಬ್ಬರಿಗೆ."

ಬಾಯಿಂದ ಮಾತು ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡಳು. ಹನ್ನೊಂದು ಜನ ತಲೆಯಾಡಿಸಿ ಬರೆದುಕೊಂಡರು. ಇಷ್ಟು ದಿನ ಸುಮ್ಮನಿದ್ದದ್ದು ಹೇಡಿತನ, ಇದು ಹಸಿ ಸುಳ್ಳು. ಮಾತುಕತೆ ಹೇಗೆ ಮುಗಿಯಿತೋ ಅವಳಿಗೆ ಗೊತ್ತಾಗಲಿಲ್ಲ. ಲ್ಯಾಪ್‌ಟಾಪು ಮುಚ್ಚಿದವಳೇ, ಇನ್ನು ಒಂದು ನಿಮಿಷ ಕೂತರೂ ಮತ್ತೊಂದು ನೆಪ ಹುಟ್ಟುತ್ತದೆ ಎಂದು ನೇರ ಅತ್ತೆಯ ಕೋಣೆಗೆ ನಡೆದಳು.

ಅತ್ತೆ ಮಂಚದ ಮೇಲೆ ಕೂತು ಒಗೆದ ದಿಂಬಿನ ಕವರುಗಳನ್ನು ಮಡಿಸುತ್ತಿದ್ದರು. ಗಂಡ ಕೆಲಸಕ್ಕೆ ಹೋಗಿದ್ದ.

"ಅತ್ತೆ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು."

"ಹೇಳು."

"ಆ ಫೋಟೋದ ವಿಷಯ. ಬೆಚ್ಚಗಿನ ನೀರು ಅಂತ ಬರೆದದ್ದು ನಾನೇ. ನೀವು ಓದಿದ್ದು ನನ್ನದೋ, ನನ್ನದನ್ನ ನೋಡಿ ಯಾರೋ ಬರೆದದ್ದೋ ಗೊತ್ತಿಲ್ಲ, ಮೊದಲು ಬರೆದವಳು ನಾನು. ತಣ್ಣೀರು ಅಂತ ನನಗೆ ಗೊತ್ತಿತ್ತು. ಲೇಖನ ವಾಪಸ್ಸು ಬರಬಾರದು ಅಂತ ಬದಲಾಯಿಸಿದೆ. ಸೋಮವಾರದಿಂದ ಹೇಳೋಕೆ ಧೈರ್ಯ ಬರಲಿಲ್ಲ. ತಪ್ಪಾಯ್ತು ಅತ್ತೆ."

ಅತ್ತೆ ಕೈಯಲ್ಲಿದ್ದ ಕವರನ್ನು ಮಡಿಸಿ ಮುಗಿಸಿದರು. ಅಂಚಿಗೆ ಅಂಚು ಸೇರಿಸಿ ಅಂಗೈಯಿಂದ ಒತ್ತಿದರು.

"ನೀನು ಬರೆದದ್ದು ಅಂತ ಗೊತ್ತು."

"ಯಾವಾಗ ಗೊತ್ತಾಯ್ತು?"

"ನೀರು ಕಾಯಿಸೋಕೆ ಮುಂಚೆನೇ ಗೊತ್ತಿತ್ತು. ನೀನು ಬರೆದದ್ದೆಲ್ಲ ನಿನ್ನ ಗಂಡ ನನ್ನ ಫೋನಿಗೆ ಕಳಿಸ್ತಾನೆ. ಶುರುವಿಂದ ಒಂದೂ ಬಿಟ್ಟಿಲ್ಲ, ಎಲ್ಲ ಓದಿದ್ದೀನಿ. ಬೆಕ್ಕಿಂದೂ ಓದಿದ್ದೀನಿ."

ಹೇಗಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಮತ್ತೆ ಎಲ್ಲೋ ಓದಿದೆ ಅಂದ್ರಲ್ಲ."

"ನಿನ್ನ ಹೆಸರು ಹೇಳಿದ್ರೆ ಅವನು ನಿನ್ನ ಮೇಲೆ ಹಾರಾಡ್ತಿದ್ದ. ನೀನು ಊಟ ಬಿಟ್ಟು ಕೂರ್ತಿದ್ದೆ. ಹೋದ ಫೋಟೋ ಬರ್ತಿತ್ತಾ?" ಅತ್ತೆ ಇನ್ನೊಂದು ಕವರು ತೆಗೆದುಕೊಂಡರು, ಮಡಿಸಲಿಲ್ಲ, ಮಡಿಲಲ್ಲಿ ಇಟ್ಟುಕೊಂಡರು. "ಅದಕ್ಕೂ ಮುಂಚೆ ಹೊಸ ಫ್ರೇಮು ತರೋಕೆ ಹೋದಾಗ ಫ್ರೇಮಿನ ಅಂಗಡಿಯವನು ಹೇಳಿದ್ದ. ಅಮ್ಮ, ನೀವೇ ಬಿಡಿಸೋಕೆ ಹೋಗಬೇಡಿ, ಬೆಚ್ಚಗಿನ ನೀರಂತೂ ಸೋಕಿಸಲೇಬೇಡಿ ಅಂದ. ಎರಡು ಸಲ ಹೇಳಿದ."

"ಮತ್ತೆ ಯಾಕೆ ಅತ್ತೆ?"

"ಅವನಿಗೆ ನಾನಂದೆ, ನಿನಗೇನಯ್ಯಾ ಗೊತ್ತು, ನಮ್ಮ ಮನೆಯವಳು ಬರೆದಿದ್ದಾಳೆ ಅಂತ."